ಹಿಂದೆ ಕೂತು ಆರಿಸಿದ ಗಾಡಿ

ಇಪ್ಪತ್ತೆರಡು ವರ್ಷ ನಾನು ಹಾಸನ ಜಿಲ್ಲೆಯ ಎಡಗಡೆಯನ್ನು ಮಾತ್ರ ನೋಡಿದ್ದೇನೆ. ನಗಬೇಡಿ. ಸೀರೆ ಉಟ್ಟು, ಗಂಡನ ಬೈಕಿನ ಹಿಂದೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತು ಓಡಾಡಿದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಹೊಳೆನರಸೀಪುರದಿಂದ ಹಾಸನಕ್ಕೆ ಹೋಗುವಾಗ ರಸ್ತೆಯ ಒಂದು ಮಗ್ಗುಲಿನ ಹೊಲ, ಟೀ ಅಂಗಡಿ, ಬಸ್ಸಿಗೆ ಕಾಯುವವರ ಮುಖಗಳು. ಬರುವಾಗ ಇನ್ನೊಂದು ಮಗ್ಗುಲಿನವು. ಮೊಸಳೆ ಎಂಬ ಊರಿನ ಜೋಡಿ ಗುಡಿಗೆ ಎಲ್ಲಿ ತಿರುಗಬೇಕೆಂದು ಯಾರಾದರೂ ಕೇಳಿದರೆ, ಹೋಗುವಾಗಲೋ ಬರುವಾಗಲೋ ಎಂದು ನಾನೇ ಅವರನ್ನು ಕೇಳುತ್ತಿದ್ದೆ. ಮುಂದಿನ ದಾರಿ ಎಂಬುದು ನನ್ನ ಪಾಲಿಗೆ ನಮ್ಮವರ ಬೆನ್ನು, ಮತ್ತು ಅವರ ಅಂಗಿಯ ಕಾಲರಿನ ಮೇಲೆ ಕಾಣುವ ಒಂದು ಚೂರು ಆಕಾಶ. ಆ ಏರ್ಪಾಟಿನ ಬಗ್ಗೆ ನನ್ನ ದೂರೇನೂ ಇರಲಿಲ್ಲ.

ಹೋದ ವರ್ಷ ನಮ್ಮವರ ಸಕ್ಕರೆ ಕಾಯಿಲೆ ಕಣ್ಣಿಗಿಳಿಯಿತು. ಇನ್ನು ಗಾಡಿ ಮುಟ್ಟಬೇಡಿ ಎಂದರು ಹಾಸನದ ಡಾಕ್ಟರು. ಮಾರನೆಯ ದಿನವೇ ಇವರು ಬೈಕನ್ನು ತಮ್ಮನ ಕೈಗೆ ಕೊಟ್ಟು, ಮನೆಯ ಕೆಳಗಿರುವ ತಮ್ಮ ಬಟ್ಟೆ ಅಂಗಡಿಗೆ ಇಳಿಯುವುದು, ಅಲ್ಲಿಂದ ಮೇಲೆ ಹತ್ತುವುದು, ಇಷ್ಟನ್ನೇ ಲೋಕ ಮಾಡಿಕೊಂಡರು. ದಂಡಿಗನಹಳ್ಳಿ ಹತ್ತಿರ ಇವರೇ ಗುಣಿ ತೋಡಿಸಿ ನೆಟ್ಟ ಅರವತ್ತು ತೆಂಗಿನ ಮರಗಳಿವೆ. ಒಂದು ಭಾನುವಾರವೂ ತಪ್ಪದೆ ಹೋಗಿ ಅವುಗಳ ಯೋಗಕ್ಷೇಮ ವಿಚಾರಿಸಿಕೊಂಡು ಬರುತ್ತಿದ್ದವರು ಇವರು. ತಮ್ಮ ಪಾಪ, "ಬಾ ಅಣ್ಣ, ನಾನು ಕರ್ಕಂಡೋಯ್ತೀನಿ" ಎಂದು ವಾರವಾರ ಕರೆದ. "ನಾನೇನು ಮೂಟೆಯೇನ್ಲಾ, ಇಂದೆ ಏರ್ಕಂಡು ಓಗಕೆ?" ಎಂದು ಇವರು ವಾರವಾರ ಕಳಿಸಿದರು. ಕಡೆಗೆ ಅವನು ಕರೆಯುವುದನ್ನು ಬಿಟ್ಟ, ಇವರು ತೋಟದ ಮಾತೆತ್ತುವುದನ್ನೂ ಬಿಟ್ಟರು. ಕಣ್ಣು ಮಂಜಾದದ್ದಕ್ಕಿಂತ ಆ ಮೌನಕ್ಕೆ ನಾನು ಹೆದರಿದೆ. ಹೀಗೇ ಬಿಟ್ಟರೆ ಈ ಮನುಷ್ಯ ಮೂಲೆ ಹಿಡಿದುಬಿಡುತ್ತಾರೆ ಅನ್ನಿಸಿತು.

ಹಾಗಾಗಿ ನಲವತ್ತೆಂಟನೆಯ ವಯಸ್ಸಿನಲ್ಲಿ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಾನು ಬೈಕು ಕಲಿಯಲು ಹೊರಟೆ. ನಮ್ಮ ಶಾಲೆಯ ಪಿ.ಟಿ. ಮೇಡಂ ಸಂಜೆ ಮಕ್ಕಳೆಲ್ಲ ಹೋದಮೇಲೆ ತನ್ನ ಬೈಕಿನಲ್ಲಿ ನನ್ನನ್ನು ಮೈದಾನದ ಸುತ್ತ ತಿರುಗಿಸಿದಳು. ಗೇರು, ಕ್ಲಚ್ಚು, ಬ್ರೇಕುಗಳೆಂಬ ಈ ತ್ರಿಮೂರ್ತಿಗಳನ್ನು ಒಲಿಸಿಕೊಳ್ಳಲು ನಾನು ಪಟ್ಟ ಪಾಡು ಇಲ್ಲಿ ಬೇಡ. ಅಂತೂ ಲೈಸೆನ್ಸು ಕೈಗೆ ಬಂತು. ಸ್ಕೂಟರ್ ಸಾಲದೆ ಎಂದು ಕೇಳದವರಿಲ್ಲ. ಊರೊಳಗಾದರೆ ಸಾಕು, ಆದರೆ ನಮ್ಮ ತೋಟದ ದಾರಿಯಲ್ಲಿ ಟ್ರಾಕ್ಟರ್ ಓಡಿ ಆದ ಗಾಡಿಜಾಡು ಎಷ್ಟು ಆಳವೆಂದರೆ ಸಣ್ಣ ಚಕ್ರ ಇಳಿದರೆ ಮತ್ತೆ ಮೇಲೇಳುವ ಮಾತಿಲ್ಲ. ಬೈಕೇ ಆಗಬೇಕು ಎಂದಮೇಲೆ ಸಲಹೆಗಳ ಸುರಿಮಳೆ. ಮೈದುನ ಮೈಲೇಜು ನೋಡು ಎಂದ, ಶಾಲೆಯ ಗುಮಾಸ್ತರು ಮುಂದೆ ಮಾರಿದರೆ ಎಷ್ಟು ಬರುತ್ತದೋ ಅದನ್ನು ನೋಡಿ ಎಂದರು, ಪಕ್ಕದ ಮನೆಯವರು ಹುಲ್ಲಿನ ಹೊರೆ ಕಟ್ಟಲು ಅನುಕೂಲವಿದೆಯೇ ಎಂದು ವಿಚಾರಿಸಿದರು. ನಮ್ಮ ಮನೆಯಲ್ಲಿ ಹಸುವೇ ಇಲ್ಲ.

ಹಳೆ ಗಾಡಿಗಳನ್ನು ರಿಪೇರಿ ಮಾಡಿ ಮಾರುವ ಮೆಕ್ಯಾನಿಕ್ ರಂಗಣ್ಣನವರು ನಮ್ಮೂರಿನವರೇ. ಅವರ ಶೆಡ್ಡಿನ ಮುಂದೆ ಸಾಲಾಗಿ ನಾಲ್ಕು ಬೈಕು ನಿಂತಿದ್ದವು. "ಕುಂತ್ಕಂಡು ನೋಡಿ ಮೇಡಮ್ನೋರೆ" ಎಂದರು. ನಾನು ಗಂಭೀರವಾಗಿ ಮೊದಲನೆಯದರ ಹತ್ತಿರ ಹೋಗಿ, ಹಿಂದಿನ ಸೀಟಿನ ಮೇಲೆ ಒಂದು ಕಡೆಗೆ ಕಾಲು ಬಿಟ್ಟು ಕೂತೆ. ಸೀಟು ಜಾರುತ್ತಿತ್ತು. ಇಳಿದು ಎರಡನೆಯದರ ಹಿಂದೆ ಕೂತೆ. ಹಿಡಿದುಕೊಳ್ಳುವ ಕಂಬಿ ಸಡಿಲ. ಮೂರನೆಯದರಲ್ಲಿ ಕಾಲಿಡುವ ಜಾಗ ಸೈಲೆನ್ಸರಿಗೆ ತೀರ ಹತ್ತಿರ. ನಾಲ್ಕನೆಯದು, ಬಣ್ಣ ಮಾಸಿದ ಕಪ್ಪು ಗಾಡಿ, ಚೆನ್ನಾಗಿತ್ತು: ಸೀಟು ಅಗಲ, ಕಂಬಿ ಗಟ್ಟಿ, ಸೀರೆ ಸಿಕ್ಕಿಕೊಳ್ಳದ ಹಾಗೆ ಜಾಲರಿ. ಇದೇ ಇರಲಿ ಎಂದೆ.

ರಂಗಣ್ಣ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟರು. "ಅಲ್ಲ ಮೇಡಂ, ಓಡ್ಸೋರು ಯಾರು?"

"ನಾನೇ."

"ಮತ್ತೆ ಮುಂದ್ಕೆ ಬನ್ನಿ. ಇಂದುಗಡೆ ಕುಂತ್ಕಂಡು ಗಾಡಿ ತಕ್ಕಳೋರ್ನ ನಾನು ಈಗ್ಲೇ ನೋಡಿದ್ದು."

ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಮುಂದೆ ಕೂತಾಗ ಅವರು ಮೈಲೇಜಿನ ಮಾತೇ ಎತ್ತದೆ, ಬಗ್ಗಿ ನನ್ನ ಚಪ್ಪಲಿ ನೋಡಿದರು. ಎರಡು ಪಾದವೂ ಪೂರ್ತಿ ನೆಲಕ್ಕೆ ಊರಿದ್ದವು. ಆಮೇಲೆ ಅವರು ಗಾಡಿಯನ್ನು ನಿಧಾನವಾಗಿ ಮಣ್ಣಿನ ಮೇಲೆ ಮಲಗಿಸಿ, "ಎತ್ತಿ ನೋಡಿ. ಒಂದ್ಸಲನಾದ್ರೂ ಬೀಳ್ತೀರ. ಬೀಳೋದು ತೆಪ್ಪಲ್ಲ, ಎತ್ತಕ್ಕಾಗ್ದೆ ಇರೋ ಗಾಡಿ ತಕ್ಕಳೋದು ತೆಪ್ಪು" ಎಂದರು. ಮೊದಲ ಸಲ ಆಗಲಿಲ್ಲ. ಬೆನ್ನು ಬಳಸದೆ ಕಾಲಿನ ಬಲದಿಂದ ಎತ್ತುವುದು ಹೇಗೆಂದು ಅವರು ತೋರಿಸಿದಮೇಲೆ ಗಾಡಿ ಎದ್ದು ನಿಂತಿತು, ಅದರ ಜೊತೆಗೆ ನಾನೂ. ಇಷ್ಟು ಮಂದಿ ಸಲಹೆ ಕೊಟ್ಟರಲ್ಲ, ನಾನು ಬಿದ್ದರೆ ಏನು ಗತಿ ಎಂದು ಯೋಚಿಸಿದವರು ಅವರೊಬ್ಬರೇ. ಆ ಋಣ ನನ್ನ ಮೇಲಿದೆ.

ಆದರೂ ಮನೆಗೆ ಬರುತ್ತ ನನ್ನ ಪೆದ್ದುತನದ ಬಗ್ಗೆ ಯೋಚಿಸಿದೆ. ಅದು ಪೂರ್ತಿ ಪೆದ್ದುತನವೇ? ಗಾಡಿಯ ವಿಷಯದಲ್ಲಿ ನನಗೆ ಬಲವಾಗಿ ಗೊತ್ತಿದ್ದುದು ಹಿಂದಿನ ಸೀಟೊಂದೇ, ಮತ್ತು ಆ ಸೀಟಿನ ಮೇಲೆ ಕೂರಬೇಕಾದವರಿಗೋಸ್ಕರವೇ ತಾನೆ ನಾನು ಗಾಡಿ ಹುಡುಕಿದ್ದು.

ಕೂರಬೇಕಾದವರು ಮಾತ್ರ ಬಗ್ಗಲಿಲ್ಲ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಪೂಜೆ ಮಾಡುವಾಗ ಬಂದು ನಿಂತರು, ಟ್ಯಾಂಕಿನಿಂದ ಟೈರಿನವರೆಗೆ ಕೈಯಾಡಿಸಿ ನೋಡಿದರು, ಚೈನು ಸ್ವಲ್ಪ ಬಿಗಿ ಮಾಡಿಸು ಎಂದು ಹೇಳಿ ಮೇಲೆ ಹತ್ತಿಹೋದರು. ಭಾನುವಾರ ಬೆಳಿಗ್ಗೆ ಚೂಡಿದಾರ ತೊಟ್ಟು, ಹೆಲ್ಮೆಟ್ಟು ಹಿಡಿದು ಅವರ ಮುಂದೆ ನಿಂತೆ. "ತೋಟಕ್ಕೆ ಹೋಗ್ತಿದೀನಿ ಕಣ್ರೀ. ದಾರಿ ಗೊತ್ತಿಲ್ಲ."

"ಇಪ್ಪತ್ತೆರಡು ವರ್ಷ ಬಂದಿದೀಯ."

"ಪಕ್ಕಕ್ಕೆ ನೋಡ್ಕೊಂಡು ಬಂದಿದೀನಿ. ಎಲ್ಲಿ ತಿರುಗ್ಬೇಕು ಅಂತ ಹೇಳೋಕಾದ್ರೂ ಬನ್ನಿ."

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಹಿಂದೆ ಕೂರುವುದು ಅವರಿಗೆ ಬರುತ್ತಿರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿ, ಒಂದನ್ನು ಕಂಬಿಗೆ, ಒಂದನ್ನು ನನ್ನ ಹೆಗಲಿಗೆ ಕೊಟ್ಟರು. ಊರು ದಾಟಿದ ಮೇಲೆ ಮೊದಲ ಹಂಪು ಕಂಡಾಗ, ನನಗೇ ಗೊತ್ತಿಲ್ಲದೆ ಕತ್ತು ಅರ್ಧ ತಿರುಗಿಸಿ "ಹಂಪು" ಎಂದೆ. ಹೇಳಿದ ಮೇಲೆ ನೆನಪಾಯಿತು. ಪ್ರತಿ ಹಂಪಿಗೂ, ಪ್ರತಿ ಗುಂಡಿಗೂ, ಮಾತು ಬಿಟ್ಟು ಮುನಿಸಿಕೊಂಡ ದಿನಗಳಲ್ಲಿ ಕೂಡ, ಈ ಮನುಷ್ಯ ಹೀಗೆಯೇ ಕತ್ತು ತಿರುಗಿಸಿ ನನಗೆ ಹೇಳುತ್ತಿದ್ದರು. ಅದನ್ನು ನಾನು ಅವರ ಚಾಳಿ ಎಂದುಕೊಂಡಿದ್ದೆ. ಹಿಂದಿರುವವರಿಗೆ ಮುಂದಿನದು ಕಾಣುವುದಿಲ್ಲವೆಂಬ ಕಾಳಜಿ ಅದು ಎಂದು ತಿಳಿಯಲು ನಾನು ಮುಂದೆ ಬಂದು ಕೂರಬೇಕಾಯಿತು. ಹಿಂದಿನಿಂದ ಅವರು "ಬೇವಿನ ಮರ ಬತ್ತದೆ, ಅಲ್ಲಿ ಬಲಕ್ಕೆ" ಎನ್ನುತ್ತಿದ್ದರು. ಮರ ಅವರಿಗೆ ಕಾಣುತ್ತಿರಲಿಲ್ಲ, ಆದರೆ ಸರಿಯಾಗಿ ಅಲ್ಲೇ ಇತ್ತು.

ತೋಟದಲ್ಲಿ ಒಂದೊಂದು ಮರವನ್ನೂ ಮುಟ್ಟಿ ಮಾತಾಡಿಸಿಕೊಂಡು ಬಂದರು. ವಾಪಸು ಬಂದು ನಮ್ಮೂರಿನ ಸರ್ಕಲ್ಲಿನಲ್ಲಿ ಮನೆಯ ಕಡೆಗೆ ಇಂಡಿಕೇಟರ್ ಹಾಕಿದ್ದೆ. ಹೆಗಲ ಮೇಲಿನ ಕೈ ಎರಡು ಸಲ ತಟ್ಟಿತು.

"ಇಷ್ಟು ಬೇಗ ಮನೆಗೋಗಿ ಏನ್ಮಾಡದು? ರುದ್ರಪಟ್ಟಣದ ತಾವ ಒಳೆ ನೋಡಿ ಯಾವ ಕಾಲಾಯ್ತು. ಪೆಟ್ರೋಲ್ ಐತೇನೆ?"

ಇದೆ ಎಂದೆ. ಇಂಡಿಕೇಟರ್ ಆರಿಸಿ ಅರಕಲಗೂಡಿನ ರಸ್ತೆಗೆ ಗಾಡಿ ಬಿಟ್ಟೆ. ಕಣ್ಣು ತುಂಬಿ ಬಂದಿತ್ತು. ಒಂದು ಕೈ ಬಿಟ್ಟು ಒರೆಸಿಕೊಳ್ಳುವಷ್ಟು ನಾನಿನ್ನೂ ಪಳಗಿರಲಿಲ್ಲವಾದ್ದರಿಂದ, ಗಾಳಿಗೆ ತಾನಾಗಿ ಒಣಗಲೆಂದು ಹೆಲ್ಮೆಟ್ಟಿನೊಳಗೆ ಸುಮ್ಮನೆ ಬಿಟ್ಟುಕೊಂಡು, ನಿಧಾನವಾಗಿ ಓಡಿಸಿದೆ.