ಚೌಕ ಬದಲಿಸಿಕೊಳ್ಳಿ

ಮೇಡಂ ಉಡುತ್ತಿದ್ದ ಸೀರೆಯ ಮೇಲೆ, ಮಂಡಿ ಬರುವ ಜಾಗದಲ್ಲಿ, ಎರಡು ಮಣ್ಣಿನ ವೃತ್ತಗಳು ಯಾವಾಗಲೂ ಇರುತ್ತಿದ್ದವು. ಎಷ್ಟು ಒಗೆದರೂ ಪೂರ್ತಿ ಹೋಗದ ಕೆಂಗಂದು ಬಣ್ಣ. ಸಮ್ಮೇಳನದ ಉದ್ಘಾಟನೆಗೂ ಅದೇ ಸೀರೆ. ಕೋಟು, ಶಾಲುಗಳ ಸಾಲಿನಲ್ಲಿ ಅವರು ಕೂತರೆ ಆಗಷ್ಟೇ ಯಾರದೋ ಹೊಲದಲ್ಲಿ ಕಳೆ ಕಿತ್ತು ಬಂದವರ ಹಾಗೆ ಕಾಣುತ್ತಿದ್ದರು. ದೊಡ್ಡಬಳ್ಳಾಪುರದ ನೇಕಾರರ ಮನೆತನ ಅವರದು. ಅಣ್ಣ ಮಗ್ಗ ಇಟ್ಟುಕೊಂಡಿದ್ದರು. ಮನೆ ತುಂಬ ಸೀರೆ ನೇಯುವವರ ಮರ್ಯಾದೆ ಕಳೆಯುತ್ತಾಳೆ ಎಂದು ಅತ್ತಿಗೆ ಗೊಣಗುತ್ತಿದ್ದರಂತೆ. ಅದನ್ನು ನಮಗೆ ಹೇಳಿ ನಗುತ್ತಿದ್ದವರೂ ಮೇಡಂ ಅವರೇ.

ಅವರು ಆಯುಷ್ಯವನ್ನೆಲ್ಲ ಕಳೆದದ್ದು ಹುಲ್ಲಿನ ಜೊತೆ. ಪರಿಸರ ವಿಜ್ಞಾನಿಗಳ ಸಮ್ಮೇಳನ ಪ್ರತಿವರ್ಷ ಶುರುವಾಗುವ ಹಿಂದಿನ ದಿನ ಅವರದೊಂದು ಕಾರ್ಯಾಗಾರ ಇರುತ್ತಿತ್ತು. ಉಳಿದ ಕಾರ್ಯಾಗಾರಗಳೆಲ್ಲ ಹವಾನಿಯಂತ್ರಿತ ಕೋಣೆಗಳಲ್ಲಿ: ಪೋಸ್ಟರ್ ಮಾಡುವುದು ಹೇಗೆ, ಹೊಸ ಸಾಫ್ಟ್‌ವೇರ್ ಬಳಸುವುದು ಹೇಗೆ, ಕೆಲಸದ ಅರ್ಜಿಯಲ್ಲಿ ನಮ್ಮನ್ನು ನಾವೇ ಹೊಗಳಿಕೊಳ್ಳುವುದು ಹೇಗೆ. ಮೇಡಂ ಮಾತ್ರ ಎಲ್ಲರನ್ನೂ ವ್ಯಾನಿಗೆ ತುಂಬಿಸಿ ಸಾಸಲು ಕಡೆಯ ಬಯಲಿಗೆ ಕರೆದುಕೊಂಡು ಹೋಗುತ್ತಿದ್ದರು. ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ್ದು, ಎಂದು ಬರೆದಿರುವ ಜಾಗ.

ನಾನು ಮೊದಲ ಸಲ ಅಲ್ಲಿಗೆ ಹೋದಾಗ ನನಗೆ ನಲವತ್ತು ದಾಟಿತ್ತು. ಗುತ್ತಿಗೆಯ ಮೇಲೆ ಸಸ್ಯ ಸಮೀಕ್ಷೆ ಮಾಡುವ ಕೆಲಸ. ಒಂದು ಸಮೀಕ್ಷೆ ಮುಗಿಯುವ ಮೊದಲೇ ಮುಂದಿನದು ಸಿಗುತ್ತದೋ ಇಲ್ಲವೋ ಎಂಬ ಚಿಂತೆ. ಸಿಕ್ಕರೆ, ಹಿಂದಿನದರಲ್ಲಿ ಏನು ತಪ್ಪು ಬರೆದೆನೋ ಎಂಬ ಚಿಂತೆ. ವ್ಯಾನಿನಲ್ಲಿದ್ದವರೆಲ್ಲ ನನಗಿಂತ ಚಿಕ್ಕವರು. ಅವರು ನನ್ನನ್ನು ಚಾಲಕನ ಪರಿಚಯದವನು ಅಂದುಕೊಂಡಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಆ ಗುರುತಾದರೂ ಗಟ್ಟಿಯಾಗಿತ್ತು.

ಬಯಲಿನಲ್ಲಿ ಮೇಡಂ ಒಬ್ಬೊಬ್ಬರಿಗೂ ನಾಲ್ಕು ಗೂಟ ಮತ್ತು ಅಣ್ಣನ ಮಗ್ಗದಲ್ಲಿ ಉಳಿದ ಕೆಂಪು ನೂಲು ಕೊಟ್ಟರು. ಹುಲ್ಲಿನ ಮೇಲೆ ಒಂದು ಚೌಕ ಮಾಡಿಕೊಂಡು, ಅದರೊಳಗೆ ಎಷ್ಟು ಬಗೆಯ ಗಿಡಗಳಿವೆ ಎಂದು ಎಣಿಸಬೇಕು. ಇದೆಲ್ಲ ಕಾಲೇಜಿನಲ್ಲೇ ಮಾಡಿದ್ದು ಎಂದು ಹುಡುಗರು ಬೇಗ ಮುಗಿಸಿದರು. ನಾನು ಒಂದೇ ಗರಿಕೆಯನ್ನು ಮೂರು ಸಲ ನೋಡಿ, ಇದು ನಿಜಕ್ಕೂ ಗರಿಕೆಯೇ ಎಂದು ಬೆವರುತ್ತಿದ್ದೆ. ಆಗ ಮೇಡಂ ಚಪ್ಪಾಳೆ ತಟ್ಟಿ, "ಈಗ ಚೌಕ ಬದಲಿಸ್ಕೊಳ್ಳಿ" ಅಂದರು. ಪಕ್ಕದವರ ಚೌಕಕ್ಕೆ ಹೋಗಿ, ಅವರು ಎಷ್ಟು ಎಣಿಸಿದ್ದಾರೆಂದು ಕೇಳದೆ, ನಾವು ಮತ್ತೆ ಎಣಿಸಬೇಕು.

ಒಂದು ಚೌಕದ ಲೆಕ್ಕವೂ ತಾಳೆಯಾಗಲಿಲ್ಲ. ಅದೇ ಹುಲ್ಲು, ಅದೇ ಬಿಸಿಲು, ಅದೇ ಪದವಿ ಪಡೆದ ಇಬ್ಬರು. ಮೇಡಂ ಎರಡೂ ಲೆಕ್ಕಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದರು, ತಮ್ಮದನ್ನೂ ಸೇರಿಸಿ. ಅದಾದ ಮೇಲೆಯೇ ಕೋಡುಬಳೆಯ ಡಬ್ಬಿ ತೆಗೆದರು.

"ತಪ್ಪು ಎಲ್ರೂ ಮಾಡ್ತೀವಿ ಕಣ್ರಪ್ಪ," ಅಂದರು. "ಎಷ್ಟು ತಪ್ತೀವಿ ಅಂತ ಗೊತ್ತಿಟ್ಕೊಂಡೋನು ವಿಜ್ಞಾನಿ. ಗೊತ್ತಿಲ್ದೇ ಇರೋನು ಬರೀ ಭಾಷಣಗಾರ."

ವಾಪಸು ಬರುವಾಗ ನನ್ನ ಪಕ್ಕ ಕೂತರು. ಪಕ್ಕದವರ ಲೆಕ್ಕಕ್ಕೆ ನನ್ನದೇ ಎಲ್ಲರಿಗಿಂತ ಹತ್ತಿರ ಬಂದಿತ್ತು. ಅದಕ್ಕೂ ನಾನು ಹೆದರಿದ್ದೆ. ಅಕಸ್ಮಾತ್ ಆಗಿರಬೇಕು ಮೇಡಂ ಎಂದೆ. ಅವರು ನನ್ನನ್ನು ಗಿಡ ನೋಡುವ ಹಾಗೆ ನೋಡಿದರು. "ನಿಂಗೆ ಅನುಮಾನ ಜಾಸ್ತಿ. ಒಳ್ಳೇದು. ಅದನ್ನ ಮನೆಗೆ ತಗೊಂಡ್ ಹೋಗಿ ಹೆಂಡ್ತೀನ ಗೋಳ್ ಹುಯ್ಕೋಬೇಡ. ಇಲ್ಲಿ ಬಳಸು."

ಹೆಂಡತಿಗೆ ಈ ಮಾತು ಹೇಳಿದೆ. ಆ ತಾಯಿಗೆ ಕೈಮುಗಿದೆ ಅಂತ ಹೇಳಿ ಅಂದಳು.

ಮುಂದೆ ಪ್ರತಿವರ್ಷ ಹೋದೆ. ಮೊದಲು ಕಲಿಯಲು, ಆಮೇಲೆ ಗೂಟ ಹೊರಲು, ಆಮೇಲೆ ಸಹಾಯಕನಾಗಿ. ಅಷ್ಟರಲ್ಲಿ ಸಮ್ಮೇಳನದ ಕಾರ್ಯದರ್ಶಿಗೆ ಬಯಲು ಬೇಡವಾಗಿತ್ತು. ವ್ಯಾನು, ಊಟ, ಹಾವು ಕಚ್ಚಿದರೆ ಯಾರು ಹೊಣೆ ಎಂಬ ತಕರಾರು. ಕೋಣೆಯೊಳಗೇ ಪರದೆಯ ಮೇಲೆ ಹುಲ್ಲು ತೋರಿಸಿ ಕಲಿಸಬಹುದಲ್ಲ ಎಂದು ಎರಡು ಸಭೆಗಳಲ್ಲಿ ಹೇಳಿದ್ದರು. ಮೇಡಂ ಹೆಸರಿನ ಮೇಲಿನ ಗೌರವಕ್ಕೆ ಸುಮ್ಮನಿದ್ದರು, ಅಷ್ಟೇ. ಒಂದು ವರ್ಷ ತಾವೇ ನೋಡಿ ತೀರ್ಮಾನಿಸುತ್ತೇನೆ ಎಂದು ನಮ್ಮ ಜೊತೆ ವ್ಯಾನು ಹತ್ತಿದರು.

ಆ ವರ್ಷವೇ ನನಗೆ ಬೇರೊಂದು ಅನುಮಾನ ಹುಟ್ಟಿತ್ತು. ಸಮ್ಮೇಳನ ನಡೆಯುವ ಕಾಲೇಜಿನ ಗೇಟಿನಲ್ಲಿ ನಾನು ಮಾತಾಡುವವರೆಗೆ ಮೇಡಂ ನನ್ನ ಗುರುತು ಹಿಡಿದಿರಲಿಲ್ಲ. ಚಹಾ ಲೋಟವನ್ನು ಮೇಜಿನ ಅಂಚು ತಡವಿ ಇಟ್ಟರು. ಈ ದಿನ ನೀವು ಚೌಕ ಮಾಡಬೇಡಿ, ನೆರಳಲ್ಲಿ ಕೂತಿರಿ, ನಾನು ನೋಡಿಕೊಳ್ಳುತ್ತೇನೆ ಎಂದು ದಾರಿಯುದ್ದಕ್ಕೂ ಕಿವಿಯಲ್ಲಿ ಬೇಡಿಕೊಂಡೆ. ಅವರ ಲೆಕ್ಕ ಕೆಟ್ಟರೆ ಕಾರ್ಯದರ್ಶಿಗೆ ಅದೇ ಸಾಕು. ಅವರು ಹೂಂ ಅಂದರು. ಬಯಲಿಗೆ ಇಳಿದ ಕೂಡಲೇ ನೂಲು ಕೇಳಿದರು.

ಅವರ ಚೌಕ ನನಗೆ ಬಂತು, ನನ್ನದು ಅವರಿಗೆ. ಅವರು ಎಣಿಸಿದ್ದ ಜಾಗದಲ್ಲಿ ನಾನು ಮಂಡಿಯೂರಿದೆ. ಹುಲ್ಲಿನ ಬುಡದಲ್ಲಿ ವಿಷ್ಣುಕ್ರಾಂತಿಯ ನೀಲಿ ಹೂಗಳು ಎದ್ದು ಕಾಣುತ್ತಿದ್ದವು. ಕಾಣದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಹಲಗೆಯ ಹತ್ತಿರ ನಿಂತು ಎಲ್ಲರ ಲೆಕ್ಕ ಬರೆದೆ. ನಮ್ಮಿಬ್ಬರದು ಬಂದಾಗ ಸೀಮೆಸುಣ್ಣ ಕೆಳಗಿಟ್ಟು, ಊಟಕ್ಕೆ ಹೊತ್ತಾಯಿತು ಎಂದೆ.

"ನಮ್ದು ಬರಿ," ಅಂದರು ಮೇಡಂ.

ಬೇಡ ಮೇಡಂ ಎಂದೆ, ಮೆಲ್ಲಗೆ.

"ಬರಿ ಅಂದೆ. ಇಷ್ಟು ವರ್ಷ ಬೇರೆಯೋರ ತಪ್ಪು ಬರ್ದು ಕೋಡುಬಳೆ ತಿಂದಿದೀನಿ."

ಬರೆದೆ. ಎರಡು ಚೌಕಗಳಲ್ಲೂ ಅವರದು ನನ್ನದರ ಅರ್ಧವೂ ಇರಲಿಲ್ಲ. ಮೇಡಂ ಹಲಗೆಯ ಹತ್ತಿರಕ್ಕೆ ಬಂದರು. ಅಂಕಿಗಳನ್ನು ಓದಲು ಮೂಗು ತಾಗುವಷ್ಟು ಹತ್ತಿರ.

"ನನ್ನ ಕಣ್ಣು ಹೋಗ್ತಾ ಇದೆ," ಅಂದರು ಎಲ್ಲರಿಗೂ ಕೇಳುವಂತೆ. "ಮನೇಲಿ ಒಬ್ಳೇ ಕೂತು ಎಣಿಸಿದ್ರೆ ನಂಗೆ ಗೊತ್ತೂ ಆಗ್ತಿರ್ಲಿಲ್ಲ. ಇಲ್ಲಿ ಗೊತ್ತಾಯ್ತು. ಕಾರ್ಯದರ್ಶಿಗಳೇ, ಪರದೆ ಮೇಲೆ ಎಲ್ರಿಗೂ ಒಂದೇ ಹುಲ್ಲು ಕಾಣತ್ತೆ. ಇದನ್ನ ಹೆಂಗ್ ತೋರಿಸ್ತೀರಾ?" ಆಮೇಲೆ ನನ್ನ ಕಡೆ ತಿರುಗಿ, ಮುಂದಿನ ವರ್ಷದಿಂದ ಮೊದಲ ಚೌಕ ಇವನದು, ಇವನು ತಪ್ಪಿದರೆ ಬಿಡಬೇಡಿ ಎಂದರು.

ಊಟದ ಹೊತ್ತಿಗೆ ಕಾರ್ಯದರ್ಶಿ ನನ್ನ ಹತ್ತಿರ ಬಂದು ವ್ಯಾನು ಯಾರ ಕಡೆಯದು, ಮುಂದಿನ ವರ್ಷಕ್ಕೂ ಅದನ್ನೇ ಹೇಳಿಬಿಡಿ ಅಂದರು.

ಮುಂದಿನ ವರ್ಷ ಬರುವಷ್ಟರಲ್ಲಿ ಮೇಡಂ ಹೋಗಿದ್ದರು. ಕಣ್ಣಿನ ತೊಂದರೆಯಲ್ಲ, ಹೃದಯದ್ದು. ಕಣ್ಣಿನ ಬಗ್ಗೆ ಅಷ್ಟು ಚಿಂತೆ ಮಾಡಿದ್ದ ನಾನು ಹೃದಯದ ಬಗ್ಗೆ ಯೋಚಿಸಿಯೇ ಇರಲಿಲ್ಲ. ಇಷ್ಟು ವರ್ಷ ಅಭ್ಯಾಸವಿದ್ದೂ ನನ್ನ ಚಿಂತೆಗೆ ಸರಿಯಾದ ಜಾಗ ಸಿಗುವುದೇ ಇಲ್ಲ. ದೊಡ್ಡಬಳ್ಳಾಪುರದ ಅವರ ಬೀದಿಯಲ್ಲಿ ಆ ದಿನ ಒಂದು ಮಗ್ಗವೂ ಓಡಲಿಲ್ಲ. ಆ ಬೀದಿ ಅಷ್ಟು ಸುಮ್ಮನಿರಬಲ್ಲದು ಎಂದು ನನಗೆ ಗೊತ್ತಿರಲಿಲ್ಲ.

ಈ ವರ್ಷದ ಕಾರ್ಯಾಗಾರಕ್ಕೆ ಅನುಗೊಂಡನಹಳ್ಳಿಯ ಕಡೆಯಿಂದ ಒಬ್ಬಳು ಹುಡುಗಿ ಬಂದಿದ್ದಳು. ಇನ್ನೂ ಓದುತ್ತಿರುವವಳು. ನನ್ನ ಚೌಕ ಅವಳಿಗೆ ಹೋಯಿತು. ನನಗಿಂತ ಎರಡು ಗಿಡ ಹೆಚ್ಚು ಹೇಳಿದಳು. ಇರಲಾರದು ಎಂದು ಹೋಗಿ ನೋಡಿದೆ. ಇದ್ದವು. ಎರಡೂ, ನನ್ನ ಮೂಗಿನ ಕೆಳಗೇ. ಹಲಗೆಯ ಮೇಲೆ ದೊಡ್ಡದಾಗಿ ಬರೆದೆ. ಹುಡುಗಿ ಸಂಕೋಚದಿಂದ, "ಸಾರಿ ಸಾರ್" ಅಂದಳು.

ಸಂಜೆ ವಾಪಸು ಬರುವಾಗ ಫೋನು ತೆಗೆದೆ. ಎರಡು ಗಿಡದಿಂದ ಸೋತೆ ಎಂದು ಯಾರಿಗಾದರೂ ಹೇಳಬೇಕು ಅನ್ನಿಸುತ್ತಿತ್ತು. ಅದನ್ನು ಕೇಳಿ ನಿಜವಾಗಿ ಖುಷಿಪಡುವವರು ಒಬ್ಬರೇ ಇದ್ದರು.