ಅರಿವಿ ಮಾಸ್ತರರ ಹದಿನೇಳು ಜೊತೆಗಾರರು

ಹುಕ್ಕೇರಿಯ ಬಸದಿಯ ಹಿಂದಿನ ಓಣಿ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಾಡಿಗೆಯ ಒಂಟಿ ಕೋಣೆಯ ಮುಂದಿನ ಕಟ್ಟೆಯ ಮೇಲೆ ಐವತ್ತೇಳು ವರ್ಷದ ಯಾಕೋಬಪ್ಪ ಮುಳಗುಂದ ಅವರು ಪುಸ್ತಕಗಳನ್ನು ಹರಡಿಕೊಂಡು ಕುಳಿತಿದ್ದಾರೆ. ಪ್ರತಿ ಪುಸ್ತಕಕ್ಕೂ ಬಟ್ಟೆಯ ರಟ್ಟು. ಒಂದೊಂದನ್ನೇ ಎತ್ತಿ ನೋಡುತ್ತಾರೆ, ಹೊಲಿಗೆ ಬಿಟ್ಟ ಕಡೆ ಸೂಜಿ ಹಾಕಿ ದಾರವನ್ನು ಹಲ್ಲಿನಿಂದ ಕಡಿಯುತ್ತಾರೆ, ಚೀಲಕ್ಕೆ ಇಳಿಸುತ್ತಾರೆ. ಬಿಳಿ ಧೋತರ, ಮೊಳಕೈ ಸವೆದ ಕರಿ ಕೋಟು, ತಲೆಗೆ ರುಮಾಲು. ಬುತ್ತಿಯ ಗಂಟೂ ಸಿದ್ಧವಾಗಿದೆ. ಆದರೆ ಮಾಸ್ತರರು ಏಳುವುದಿಲ್ಲ, ನನ್ನ ಮುಖ ನೋಡುತ್ತಾರೆ.

"ಖರೇನ ಬರಾವ್ರ ಅದೀರಿಲ್ಲೋ ನೀವು? ನೀವು ಬಂದ್ರಷ್ಟ ನಾ ಹೊರಡಾಂವ. ಒಬ್ಬಾಂವ ಹೋಗಾಕ ಬರೂದಿಲ್ರಿ ನನಗ."

ನಾನು ಬಂದದ್ದು ಇವರ ಬಗ್ಗೆ ನಾಲ್ಕು ಮಾತು ಬರೆಯಲು. ನೆರಳಲ್ಲಿ ಕುಳಿತು, ಚಹಾ ಕುಡಿಯುತ್ತ ಕೇಳಿ ಬರೆದುಕೊಳ್ಳೋಣ ಎಂದುಕೊಂಡಿದ್ದವನು ಈಗ ಇವರ ಒಂದು ದಿನದ ಜೊತೆಗಾರನಾಗಿ ಘೋಡಗೇರಿಯ ದಾರಿ ಹಿಡಿಯಬೇಕಾಗಿದೆ. ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ?

ಯಾಕೋಬಪ್ಪನವರು ಮಿಶನ್ನಿನ ಪ್ರಚಾರಕರು. ಮನೆಮನೆಗೆ ಹೋಗುವುದು, ಕುಳಿತು ಮಾತಾಡುವುದು, ಕೇಳಿದವರಿಗೆ ಪುಸ್ತಕ ಕೊಡುವುದು ಅವರ ಕೆಲಸ. ಗೋಕಾಕ, ಮೂಡಲಗಿ, ಹುಕ್ಕೇರಿ ಮತ್ತು ಸುತ್ತಲಿನ ಇಪ್ಪತ್ತೆರಡು ಹಳ್ಳಿಗಳು ಅವರ ಪಾಲಿಗೆ. ಮಿಶನ್ನಿನಲ್ಲಿ ಮೊದಲಿನಿಂದಲೂ ಒಂದು ಕಟ್ಟಳೆ ಉಂಟು. ಪ್ರಚಾರಕ್ಕೆ ಇಬ್ಬರೇ ಹೋಗಬೇಕು, ಒಬ್ಬರೇ ಎಂದೂ ಹೋಗಕೂಡದು. ಹಾಗೆಯೇ ಆ ಇಬ್ಬರು ಬಹಳ ದಿನ ಕೂಡಿ ಇರಲೂ ಕೂಡದು. ಕೂಡಿದರೆ ಹರಟೆ ಬೆಳೆದು ಕೆಲಸ ನಿಲ್ಲುತ್ತದೆ ಎಂದು ಮೇಲಿನವರ ಎಣಿಕೆ. ಆದ್ದರಿಂದ ಜೊತೆಗಾರ ಬದಲಾಗುತ್ತಲೇ ಇರುತ್ತಾನೆ. ಮೂವತ್ತೆಂಟು ವರ್ಷದಲ್ಲಿ ಇವರ ಜೊತೆ ನಡೆದವರು ಹದಿನೇಳು ಮಂದಿ. ಹದಿನೇಳನೆಯವನು ಹೋದ ತಿಂಗಳು ಸಾಲಿ ಮಾಸ್ತರಿಕೆ ಸಿಕ್ಕಿತೆಂದು ಅರಭಾವಿಗೆ ಹೊರಟುಹೋಗಿದ್ದಾನೆ. ಬದಲಿಗೆ ಬರುವವರು ಯಾರೂ ಇಲ್ಲ. ಈ ಬಿಸಿಲಲ್ಲಿ ನಡೆಯಲು ಈಗಿನ ಹುಡುಗರು ಒಲ್ಲರು.

ಬೆಳಗಾವಿಯ ಮಿಶನ್ ದಫ್ತರಿನಿಂದ ಕಾಗದ ಬಂದಿದೆ. ಈ ತಿಂಗಳೊಳಗೆ ಜೊತೆಗಾರ ಸಿಗದಿದ್ದರೆ ತಿರುಗಾಟ ನಿಲ್ಲಿಸಿ ಅಲ್ಲಿನ ಪುಸ್ತಕದಂಗಡಿಯಲ್ಲಿ ಕೂಡಬೇಕು. ಇಂದು ಸೋಮವಾರ. ಶನಿವಾರಕ್ಕೆ ತಿಂಗಳು ಮುಗಿಯುತ್ತದೆ.

"ಅಂಗಡ್ಯಾಗ ಫ್ಯಾನ ಐತಂತ, ಕುರ್ಚಿ ಐತಂತ" ಎನ್ನುತ್ತಾರೆ ಮಾಸ್ತರರು, ಯಾರಿಗೋ ಬಂದ ಕಾಯಿಲೆಯ ಸುದ್ದಿ ಹೇಳುವ ಧಾಟಿಯಲ್ಲಿ. "ಕುರ್ಚಿ ಮ್ಯಾಲ ಕುಂತು ನಾ ಏನ್ ಮಾಡ್ಲಿ ಹೇಳ್ರಿ?"

ಊರು ದಾಟುವಾಗ ಪುಸ್ತಕದ ಚೀಲ ನನ್ನ ಹೆಗಲಿಗೆ ಬರುತ್ತದೆ. ಇದೂ ಒಂದು ಕ್ರಮ. ಒಂದು ಮೈಲಿ ಒಬ್ಬರು ಹೊರಬೇಕು, ಮೈಲಿಗಲ್ಲು ಬಂದೊಡನೆ ಇನ್ನೊಬ್ಬರು. ಚೀಲ ಇಲ್ಲದವರು ಮಾತಾಡಬೇಕು, ಹೊತ್ತವರು ಕೇಳಬೇಕು. ಎರಡನೆಯ ಮೈಲಿಯಲ್ಲಿ ಮಾತಾಡಬೇಕಾದದ್ದು ನಾನು. ಆದರೆ ನನಗೆ ಉಸಿರು ಹಿಡಿಯುವುದೇ ದೊಡ್ಡ ಕೆಲಸವಾಗಿರುವುದರಿಂದ ಆ ಮೈಲಿಯನ್ನೂ ಅವರಿಗೇ ಬಿಟ್ಟುಕೊಡುತ್ತೇನೆ.

ಮಾಸ್ತರರು ಗದಗಿನ ಕಡೆಯ ನೇಕಾರರ ಮನೆಯವರು. 1908ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಒಂದು ತಗಡಿನ ಪೆಟ್ಟಿಗೆ ಹೊತ್ತು ಗೋಕಾಕಕ್ಕೆ ಬಂದಿಳಿದರು. ಮೊದಲ ಐದು ವರ್ಷದಲ್ಲೇ ಒಂಬತ್ತು ಜೊತೆಗಾರರು. ಆ ದಿನಗಳ ಮಾತು ಬಂದರೆ ಈ ಮುದುಕರ ನಡಿಗೆಯೇ ಬದಲಾಗುತ್ತದೆ. ಮೊದಲನೆಯವರು ಅಬ್ರಹಾಮಪ್ಪ. ವಯಸ್ಸಿನಲ್ಲಿ ಹಿರಿಯರು, ಬಾಯಿ ಬಿಗಿ. ರೊಟ್ಟಿ ಬಡಿಯಲು ಕಲಿಸಿದವರು ಅವರೇ. "ಅವರ ಕೂಡ ಇದ್ದಾಗ ಯಾವಾಗ ಬದಲಿ ಆಗ್ತೈತೋ ಅಂತ ದಿನಾ ಪ್ರಾರ್ಥನಾ ಮಾಡ್ತಿದ್ನಿ. ಬದಲಿ ಆತು. ಅವರ ಪೆಟಿಗಿ ಗಾಡ್ಯಾಗ ಏರಿಸಿ ಮನಿಗಿ ಬಂದು, ಒಲಿ ಮುಂದ ಕುಂತು ಅತ್ತಬಿಟ್ನಿ ನೋಡ್ರಿ." ನಾಲ್ಕನೆಯವನು ಊಟದ ಭೀಮ, ಇಬ್ಬರ ಬುತ್ತಿಯನ್ನೂ ಒಬ್ಬನೇ ಮುಗಿಸುತ್ತಿದ್ದ. ಆರನೆಯವನಿಗೆ ನಾಯಿಯೆಂದರೆ ಜೀವಭಯ. ಮಮದಾಪುರದ ಹಾದಿಯಲ್ಲಿ ಒಂದು ನಾಯಿಗಾಗಿ ಎರಡು ಮೈಲಿ ಸುತ್ತು ಹಾಕಬೇಕಾಗುತ್ತಿತ್ತು. ಯಾರನ್ನು ಹೇಳುವಾಗಲೂ ಮಾಸ್ತರರು ಬೈದು ಶುರುಮಾಡಿ ಹೊಗಳಿ ಮುಗಿಸುತ್ತಾರೆ.

ಬಟ್ಟೆಯ ರಟ್ಟಿನ ಕಥೆಯೂ ಆ ದಿನಗಳದೇ. ಆಗ ಮಿಶನ್ನಿನ ಪುಸ್ತಕಗಳಿಗೆ ಒಳ್ಳೆಯ ಕರಿ ಚರ್ಮದ ರಟ್ಟು ಇರುತ್ತಿತ್ತು. ಹೊಸ ಹುರುಪಿನ ಯಾಕೋಬಪ್ಪ ಹುಕ್ಕೇರಿಯ ಜೈನ ವ್ಯಾಪಾರಿ ಆದಿನಾಥರ ಮನೆಗೆ ಹೋದವರು, ಅಂಥದೊಂದನ್ನು ಅವರ ಹೆಂಡತಿ ಸುಂದರಾಬಾಯಿಯ ಕೈಗೇ ಕೊಟ್ಟುಬಿಟ್ಟರು. ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳಲು ಹೋದವರು ವಾಸನೆಗೆ ತಡೆದು ನಿಂತರು. "ಇದು ಚರ್ಮ ಅಲ್ಲೇನ್ರಿ?" ಎಂದು ಕೇಳಿದವರೇ ಪುಸ್ತಕವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ನಡೆದರು. ಹುಳವೂ ಸಾಯಬಾರದೆಂದು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆ ಅದು.

"ಬೈದಿದ್ರ ಹಗರ ಆಗ್ತಿತ್ತು. ಬೈಲಿಲ್ಲ ಆಕಿ. ಅದ ಚುಚ್ಚಿತು ನನಗ."

ಆ ವಾರವೆಲ್ಲ ಅಬ್ರಹಾಮಪ್ಪನವರ ಗೊಣಗಾಟದ ನಡುವೆ ಯಾಕೋಬಪ್ಪ ಚೀಲದಲ್ಲಿದ್ದ ಪುಸ್ತಕಗಳ ಚರ್ಮವನ್ನೆಲ್ಲ ಕಿತ್ತರು. ಗೋಕಾಕದಿಂದ ಮಾದರಪಾಟು ಬಟ್ಟೆ ತಂದು ರಟ್ಟು ಕಟ್ಟಿದರು. ನೇಕಾರನ ಮಗನಿಗೆ ಬಟ್ಟೆ ಹೊಸದೇ? ಪುಸ್ತಕ ಕೆಡಿಸಿದ್ದಕ್ಕೆ ಮೇಲಿನವರಿಂದ ಉಗಿಸಿಕೊಂಡದ್ದೂ ಆಯಿತು. ಮರುವಾರ ಸುಂದರಾಬಾಯಿ ಪುಸ್ತಕವನ್ನು ತಿರುವಿ ನೋಡಿ, "ಈಗ ಒಳಗ ತೊಗೊಂಡ ಬರ್ರಿ" ಎಂದರು. ಬಟ್ಟೆಗೆ ಈ ಸೀಮೆಯಲ್ಲಿ ಅರಿವಿ ಎನ್ನುತ್ತಾರೆ, ಅಂದಿನಿಂದ ಇಲ್ಲಿ ಅವರು ಅರಿವಿ ಮಾಸ್ತರ. ಮಿಶನ್ನಿನ ದಫ್ತರಿನ ಹೊರಗೆ ಯಾಕೋಬಪ್ಪ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಮರಾಠಿ ಆಡುತ್ತಿದ್ದ ಸುಂದರಾಬಾಯಿ ಇವರ ಪುಸ್ತಕದಲ್ಲೇ ಕನ್ನಡದ ಅಕ್ಷರ ಕಲಿತರು. ಕಲಿತ ಮೇಲೆ ಓದಿದ್ದು ಮಾತ್ರ ತಮ್ಮ ಧರ್ಮದ ಪುರಾಣಗಳನ್ನು. ಬೇಸರ ಆಗಲಿಲ್ಲವೇ ಎಂದು ಕೇಳುತ್ತೇನೆ.

"ಓದ್ಲಿ ಬಿಡ್ರಿ. ಅಕ್ಷರಕ್ಕ ನಾ ಏನ್ ಬೇಲಿ ಹಾಕ್ಲಿ?"

ದಿನಕ್ಕೆ ಒಂಬತ್ತು ಮೈಲಿ ನಡಿಗೆ, ಹತ್ತೋ ಹನ್ನೆರಡೋ ಮನೆ. ಅರ್ಧಕ್ಕರ್ಧ ಕಡೆ ಬಾಗಿಲಲ್ಲೇ ಮಾತು ಮುಗಿಯುತ್ತದೆ. ಮೊದಲ ವರ್ಷಗಳಲ್ಲಿ ಎಷ್ಟೋ ಮನೆಗಳಲ್ಲಿ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಈಗ ಹೆಚ್ಚಿನ ಕಡೆ ತಂಬಿಗೆಯಲ್ಲೇ ಕೊಡುತ್ತಾರೆ. ಇಷ್ಟು ವರ್ಷದಲ್ಲಿ ಇವರಿಂದ ಅಕ್ಷರ ಕಲಿತವರು ನಲವತ್ತೊಂದು ಜನ. ಇವರ ಮಾತು ಕೇಳಿ ಇವರ ಧರ್ಮಕ್ಕೆ ಸೇರಿದವರು? ತಿಂಗಳ ವರದಿಯಲ್ಲಿ ಆ ಪ್ರಶ್ನೆಯ ಮುಂದೆ ಮಾಸ್ತರರು ಮೂವತ್ತೆಂಟು ವರ್ಷವೂ 'ಇಲ್ಲ' ಎಂದೇ ಬರೆದಿದ್ದಾರೆ. ಒಂದು ತಿಂಗಳಾದರೂ ಸುಳ್ಳು ಬರೆದವರಲ್ಲ. ನನಗೆ ಇವರ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲಿ ಎಂದು ನೇರವಾಗಿಯೇ ಹೇಳಿಬಿಡುತ್ತೇನೆ.

ಒಬ್ಬರೇ ನಡೆದದ್ದು ಎಂಟೇ ದಿನ. ಅದು ದೊಡ್ಡ ಜ್ವರದ ವರ್ಷ, 1918. ಆಗಿನ ಜೊತೆಗಾರ ದಾನಿಯೇಲ ಹಾಡುಗಾರ. ಅವನು ದನಿ ಎತ್ತಿದರೆ ಬೇಡವೆಂದವರೂ ಬಾಗಿಲು ತೆರೆಯುತ್ತಿದ್ದರು. ಮಮದಾಪುರದಲ್ಲಿ ಶಿವಗಂಗವ್ವ ಎಂಬಾಕೆಯ ಪಡಸಾಲೆಯಲ್ಲಿ ಮೂರು ದಿನ ಜ್ವರದಲ್ಲಿ ಮಲಗಿ ತೀರಿಕೊಂಡ. ಪರಜಾತಿಯ ಹುಡುಗನಿಗೆ ಆಕೆ ಗಂಜಿ ಕಾಯಿಸಿ ಕೊಟ್ಟು, ಕೊನೆಗೆ ಹಡೆದ ತಾಯಿಯ ಹಾಗೆ ಅತ್ತಳಂತೆ. "ಅಂವನ್ನ ಮಣ್ಣಾಗಿಟ್ಟು ಒಬ್ಬಾಂವ ನಡದ್ನಿ. ಮೈಲಿಗಲ್ಲು ಬಂದಾಗೊಮ್ಮೆ ಚೀಲಾ ಕೊಡಾಕ ಹಿಂದ ತಿರಗಿ ನೋಡ್ತಿದ್ನಿ. ಆ ಎಂಟ ದಿನಾ ಬ್ಯಾಡ್ರಿ ಮತ್ತ." ಇಷ್ಟು ಹೇಳಿ, ಸರದಿ ನನ್ನದಾಗಿದ್ದರೂ ಚೀಲವನ್ನು ತಾವೇ ಹೊತ್ತು ಮುಂದೆ ಹೋಗುತ್ತಾರೆ.

ಘೋಡಗೇರಿಗೆ ಸೋಮವಾರವೇ ಹೋಗುವುದಕ್ಕೂ ಕಾರಣವಿದೆ. ಇಲ್ಲಿನ ಲಿಂಗವಂತ ಒಕ್ಕಲಿಗರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ಬಿಡುವು ಸಿಕ್ಕರೆ ಒಡೆಯನಿಗೂ ಬಿಡುವು. ಹಾಗೆ ಬಿಡುವಾಗಿ ಕಟ್ಟೆಯ ಮೇಲೆ ಕಾಯುತ್ತ ಕುಳಿತವರು ವೀರಪ್ಪ. ಅರವತ್ತರ ರೈತ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಮೂವತ್ತು ವರ್ಷದಿಂದ ಸೋಮವಾರಕ್ಕೊಮ್ಮೆ ಮಾಸ್ತರರೊಡನೆ ವಾದ ಮಾಡುವುದು ಇವರ ನೇಮ. ಒಮ್ಮೆಯೂ ಸೋತಿಲ್ಲ, ಒಮ್ಮೆಯೂ ಗೆದ್ದಿಲ್ಲ.

"ಬರ್ರಿ ಮಾಸ್ತರ, ಹ್ವಾದ ಸಲದ್ದು ಅರ್ಧಾ ಉಳದೈತಿ" ಎನ್ನುತ್ತ ಜಾಗ ಮಾಡಿಕೊಡುತ್ತಾರೆ.

"ಇವತ್ತ ವಾದ ಬ್ಯಾಡ್ರಿ, ವೀರಪ್ಪಣ್ಣಾ" ಎಂದು ಮಾಸ್ತರರು ಬೆಳಗಾವಿಯ ಕಾಗದದ ಸುದ್ದಿ ತಿಳಿಸುತ್ತಾರೆ. ಬಹುಶಃ ಇದೇ ಕೊನೆಯ ಸೋಮವಾರ ಎನ್ನುವಾಗ ದನಿ ಸಣ್ಣದಾಗುತ್ತದೆ.

ವೀರಪ್ಪನವರು ಕಾಗದ ನೋಡುವುದಿಲ್ಲ, ಸಮಾಧಾನವನ್ನೂ ಹೇಳುವುದಿಲ್ಲ. ಸಿಟ್ಟಿಗೇಳುತ್ತಾರೆ. "ನೀವು ಹ್ವಾದ್ರ ನಾ ಯಾರ ಜೋಡಿ ಮಾತಾಡ್ಲಿ? ಈ ಊರಾಗ ನಾ ಅಂದಿದ್ದಕ್ಕೆಲ್ಲಾ ಹೂಂ ಅನ್ನಾವ್ರ ಅದಾರ!" ಎಲೆಗೆ ಸುಣ್ಣ ಹಚ್ಚುತ್ತಾರೆ. "ಏನಂತ ಬರದಾರ ಅದರಾಗ? ಜೋಡಿಗೆ ಒಬ್ಬಾಂವ ಇರಬೇಕು ಅಂತಿಲ್ಲೋ? ಯಾ ಧರ್ಮದಾಂವ ಅಂತ ಬರದಾರೇನು?"

ಮಾಸ್ತರರು ಕಾಗದವನ್ನು ಮತ್ತೊಮ್ಮೆ ಓದುತ್ತಾರೆ. ಬರೆದಿಲ್ಲ.

"ಹಂಗಾರ ನಾ ಬರ್ತೇನಿ. ಹೊಲಾ ಮಕ್ಕಳು ನೋಡ್ತಾರ. ಮುಂಜಾನೆ ಪೂಜಾ ಮುಗಿಸಿ ಹೊರಡಾಂವ ನಾ, ವಿಭೂತಿ ಅಳಸಾಂವ ಅಲ್ಲ. ಅದನ್ನ ಮೊದಲ ಹೇಳತೇನಿ."

"ಅಳಸಂತ ಯಾರ ಅಂದಾರ? ಆದ್ರ ನಮ್ದೂ ಒಂದ ಕಟ್ಟಳಿ ಐತ್ರಿ. ಯಾರದರ ಮನ್ಯಾಗ ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ಹಾಕುವಂಗಿಲ್ಲ."

ವೀರಪ್ಪನವರ ಮುಖ ಬಾಡುತ್ತದೆ. ಇಷ್ಟು ಕಠಿಣವಾದುದನ್ನು ಅವರು ಎಣಿಸಿರಲಿಲ್ಲ. ಒಳಗಿನಿಂದ ಅವರ ಹೆಂಡತಿ ಚನ್ನವ್ವ ಮಜ್ಜಿಗೆಯ ತಂಬಿಗೆ ಹಿಡಿದು ಬರುತ್ತಾರೆ. "ಕರಕೊಂಡ ಹೋಗ್ರಿ ಮಾಸ್ತರ, ಪುಣ್ಯಾ ಬರ್ತೈತಿ. ಮೂವತ್ತ ವರ್ಷ ಇವರ ಬಾಯಿ ಈ ಮನ್ಯಾಗ ಕೇಳೇನಿ, ಒಂದೀಟ ದಾರ್ಯಾಗಿನ ಗಿಡಾನೂ ಕೇಳ್ಲಿ."

ಪರೀಕ್ಷೆ ಆಗಲೇ ನಡೆಯುತ್ತದೆ. ಮೂವರೂ ಎರಡು ಮನೆ ಆಚೆಗೆ, ಲಕ್ಕಪ್ಪನವರ ಪಡಸಾಲೆಗೆ ಹೋಗುತ್ತೇವೆ. ಮಾಸ್ತರರು ತಮ್ಮ ದೇವರ ಕರುಣೆಯ ಮಾತು ಆಡುತ್ತಾರೆ. ವೀರಪ್ಪನವರು ತುಟಿ ಬಿಗಿಹಿಡಿದಿದ್ದಾರೆ, ಕೊರಳಿನ ನರ ಎದ್ದಿದೆ. ಎರಡು ಸಲ ಬಾಯಿ ತೆರೆಯುತ್ತಾರೆ, ಎರಡೂ ಸಲ ಎಲೆ ತುರುಕಿಕೊಳ್ಳುತ್ತಾರೆ. ಅವರ ಮೌನ ಕಂಡು ಬೆರಗಾದ ಲಕ್ಕಪ್ಪ ಮಾಸ್ತರರ ಮಾತನ್ನು ಒಂದೂ ಕೇಳಿಸಿಕೊಂಡಂತಿಲ್ಲ. ಹೊರಬಂದು ನಾಲ್ಕು ಹೆಜ್ಜೆ ಇಟ್ಟದ್ದೇ ತಡ, "ಈಗ ಕೇಳ್ರಿ ನನ್ನ ಮಾತ!" ಎಂದು ವೀರಪ್ಪ ಕಟ್ಟೆಯೊಡೆದ ಕೆರೆಯಾಗುತ್ತಾರೆ. ಮಾಸ್ತರರು ಮುಗುಳ್ನಗುತ್ತ ಕೇಳುತ್ತಾರೆ. ಮನೆಯ ಒಳಗೆ ಇವರ ಸರದಿ, ದಾರಿಯಲ್ಲಿ ಅವರದು.

ಹೊತ್ತು ಇಳಿಯುವ ಮೊದಲು ಅದೇ ಕಟ್ಟೆಯ ಮೇಲೆ ಮಾಸ್ತರರು ಬೆಳಗಾವಿಗೆ ಉತ್ತರ ಬರೆಯುತ್ತಾರೆ. ನನಗೆ ಭಯ. 'ವೀರಪ್ಪ, ಘೋಡಗೇರಿ' ಎಂದಷ್ಟೇ ಬರೆದರೆ ಸಾಕಲ್ಲ, ಯಾರು ಬಂದು ಹಣೆ ನೋಡುತ್ತಾರೆ ಎಂದು ಮೆಲ್ಲಗೆ ಸೂಚಿಸುತ್ತೇನೆ. ತಿರುಗಾಟ ಉಳಿಯಲಿ ಎಂಬ ಆಸೆ ನನಗೂ ಹತ್ತಿಬಿಟ್ಟಿದೆ. ಮಾಸ್ತರರು ಟಾಕು ಮಸಿಗೆ ಅದ್ದಿ, ನನ್ನತ್ತ ನೋಡದೆ ಹೇಳುತ್ತಾರೆ: "ಸುಳ್ಳ ಬರದ ಖರೆ ಹೇಳಾಕ ಹ್ಯಾಂಗ ಹೋಗೂದ್ರಿ?" ದುಂಡಗಿನ ಅಕ್ಷರದಲ್ಲಿ ಬರೆಯುತ್ತಾರೆ. ಜೊತೆಗಾರನ ಹೆಸರು ವೀರಪ್ಪ, ಊರು ಘೋಡಗೇರಿ, ಧರ್ಮ ಲಿಂಗವಂತ, ನಮ್ಮ ಧರ್ಮಕ್ಕೆ ಸೇರುವ ಇಚ್ಛೆ ಇಲ್ಲ. ವೀರಪ್ಪನವರು ಓದಿಸಿ ಕೇಳಿ, "ಎಳ್ಳಷ್ಟೂ ಇಲ್ಲ ಅಂತ ಬರೀರಿ" ಎಂದು ತಿದ್ದಿಸುತ್ತಾರೆ.

ಈ ಲೇಖನ ಅಚ್ಚಿಗೆ ಹೋಗುವವರೆಗೂ ಬೆಳಗಾವಿಯ ಉತ್ತರ ಬಂದಿಲ್ಲ. ಬಂದರೂ ಒಪ್ಪಿಗೆಯೇ ಬರುತ್ತದೆ ಎನ್ನುವಂತಿಲ್ಲ. ಶನಿವಾರ ಗೋಕಾಕದ ದಾರಿಯಲ್ಲಿ ಸರ್ವೀಸ್ ಮೋಟಾರಿನ ಕಿಟಕಿಯಿಂದ ಇಬ್ಬರನ್ನೂ ಕಂಡೆ. ಒಬ್ಬರ ತಲೆಗೆ ರುಮಾಲು, ಇನ್ನೊಬ್ಬರ ತಲೆಗೆ ಪಟಕಾ. ಕೈ ಬೀಸಿ ವಾದ ಮಾಡುತ್ತ ನಡೆದಿದ್ದರು. ಮೋಟಾರು ನಿಲ್ಲಿಸಿ ಇಳಿದೆ. ವೀರಪ್ಪನವರು ಬಾವಿಗೆ ನೀರು ಕುಡಿಯಲು ಹೋದಾಗ ಮಾಸ್ತರರನ್ನು ಕೇಳಿದೆ: ಒಲ್ಲೆವು ಎಂದು ಬರೆದರೆ?

"ಬೆಳಗಾವಿಗಿ ಹೋಗಿ ಕುರ್ಚಿ ಮ್ಯಾಲ ಕುಂದರತೇನಿ. ಏನ್ ಮಾಡೂದು?" ಎಂದರು. ಆಮೇಲೆ ಬಾವಿಯ ಕಡೆ ನೋಡಿದರು. "ಆದ್ರ ಒಂದ ಮಾತ ನಿಮ್ಮ ಪೇಪರದಾಗ ಬರೀರಿ. ಹದಿನೇಳ ಮಂದಿನ್ನ ಮ್ಯಾಲಿನವರು ಕಳಿಸಿದ್ರು, ಬಂದ್ರು. ಇಂವನ್ನ ಯಾರೂ ಕಳಿಸಿಲ್ರಿ. ತಾನ ಎದ್ದು ಬಂದಾನ."