ಬರೆಯದೆ ಉಳಿದ ಬಾಗಿಲ ಸೀನು

ಕಳೆದ ತಿಂಗಳು ನನ್ನ ಬಟ್ಟೆ ಅಂಗಡಿಗೆ ಒಬ್ಬ ತರುಣ ಬಂದ. ಪರದೆ ಹೊಲಿಸಲು ದಪ್ಪನೆಯ ನೀಲಿ ಬಟ್ಟೆ ಬೇಕೆಂದ. ಥಾನು ಬಿಚ್ಚಿ ಅವನ ಮುಂದೆ ಹರಡುತ್ತಿದ್ದಾಗ ಅವನ ಕಡೆಯಿಂದ ಒಂದು ವಾಸನೆ ಬಂತು. ಕೊಬ್ಬರಿ ಎಣ್ಣೆ, ಅದರೊಳಗೆ ಬೆರೆತ ಸಫೇತಾ. ನಾಟಕದವರು ಮುಖಕ್ಕೆ ಬಳಿದುಕೊಳ್ಳುವ ಬಿಳಿ ಪುಡಿ ಅದು. ಎಣ್ಣೆ ಹಚ್ಚಿ ಎಷ್ಟು ಒರೆಸಿದರೂ ಕಿವಿಯ ಹಿಂದೆ ಒಂದಿಷ್ಟು ಉಳಿದೇ ಇರುತ್ತದೆ. ನಾನು ದರ ಹೇಳುವುದನ್ನು ಬಿಟ್ಟು ಅವನ ಕಿವಿಯ ಹಿಂದೆ ಇಣುಕಿದೆ. ಹುಡುಗ ಗಾಬರಿಯಾಗಿ ಹಿಂದೆ ಸರಿದ. ಆಳಂದದ ಪೇಟೆಯಲ್ಲಿ, ಅದೂ ಮೊಮ್ಮಕ್ಕಳಿರುವ ಮನುಷ್ಯ, ಗಿರಾಕಿಗಳ ಕಿವಿ ನೋಡುತ್ತ ನಿಲ್ಲಬಾರದು ಎಂಬುದು ನನಗೂ ಗೊತ್ತು.

ಹುಡುಗನ ಹೆಸರು ಸಿದ್ದು, ಊರು ಸರಸಂಬಾ. ಯಾವ ನಾಟಕ ಎಂದು ಕೇಳಿದೆ. ‘ಹೊಸ್ತಿಲ ಹೊರಗಿನ ಅಣ್ಣ’ ಎಂದ. ನಾನು ಕತ್ತರಿ ಕೆಳಗಿಟ್ಟೆ. ಬಟ್ಟೆ ಒಂದು ನೆಪ, ಅವನು ಬಂದದ್ದು ನನಗಾಗಿಯೇ. ಅದನ್ನು ಬರೆದ ಮಹಬೂಬ ಮಾಸ್ತರರು ತೀರಿಕೊಂಡು ವರ್ಷವಾಗುತ್ತ ಬಂತು, ಅವರ ನೆನಪಿಗೆ ನಾಟಕ ಆಡಿ ಪುಸ್ತಕವನ್ನೂ ಅಚ್ಚು ಹಾಕಿಸಬೇಕೆಂದು ಹುಡುಗರೆಲ್ಲ ಸೇರಿ ನಿರ್ಧರಿಸಿದ್ದರು. ಆದರೆ ಕೊನೆಯ ಸೀನೇ ಇಲ್ಲ. ಮಾಸ್ತರರ ಪ್ರಾಂಪ್ಟರ್ ಆಗಿದ್ದವರು ನೀವು, ಅವರ ಮನಸ್ಸಿನಲ್ಲಿ ಏನಿತ್ತೆಂದು ನಿಮಗಲ್ಲದೆ ಇನ್ನಾರಿಗೆ ಗೊತ್ತು, ನೀವೇ ಬರೆದುಕೊಡಿ ಎಂಬುದು ಅವನ ಮಾತಿನ ಸಾರ. ಇಷ್ಟು ಮರ್ಯಾದೆ ಕೊಟ್ಟು ಯಾರೂ ನನ್ನಿಂದ ಬಟ್ಟೆ ಕೊಂಡಿಲ್ಲ. ಹೂಂ ಎಂದುಬಿಟ್ಟೆ.

ಪ್ರಾಂಪ್ಟರ್ ಎಂದರೆ ಗೊತ್ತಲ್ಲ, ಪರದೆಯ ಮರೆಯಲ್ಲಿ ನಿಂತು ನಟ ಮರೆತ ಮಾತನ್ನು ಪಿಸುಗುಟ್ಟುವವನು. ನನಗೆ ಪಿಸುಗುಟ್ಟಲು ಬರುತ್ತಿರಲಿಲ್ಲ, ಅದೊಂದೇ ತೊಂದರೆ. ಮುಂದೆ ಕೂತ ಮುದುಕರಿಗೆ ರಾಜನ ಮಾತು ಮೊದಲು ನನ್ನ ಬಾಯಿಂದ ಕೇಳಿಸುತ್ತಿತ್ತು. ಆಮೇಲೆ ರಾಜ ಅದನ್ನೇ ಅಂದಾಗ, ಅದು ಆಯಿತು, ಮುಂದಿನದು ಹೇಳು ಎಂದು ಅವರು ತಕರಾರು ತೆಗೆಯುತ್ತಿದ್ದರು. ಆದರೂ ಮಾಸ್ತರರು ನನ್ನನ್ನು ಬಿಡಲಿಲ್ಲ. ಅವರ ಕೈಬರಹ ಓದಬಲ್ಲವನು ನಮ್ಮೂರು ಅಫಜಲಪುರದಲ್ಲಿ ನಾನೊಬ್ಬನೇ ಆಗಿದ್ದೆ.

ಮಾಸ್ತರರು ಹಗಲು ಬಳೆ ವ್ಯಾಪಾರ ಮಾಡುತ್ತಿದ್ದರು. ಉಳಿದ ಹೊತ್ತೆಲ್ಲ ಪೇಟಿ. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಅನ್ನುತ್ತಾರೆ. ಸುಗ್ಗಿ ಮುಗಿಯುವುದೇ ತಡ, ಒಂದಲ್ಲ ಒಂದು ಹಳ್ಳಿಯವರು ಬಂದು ನಾಟಕ ಕಲಿಸಿಕೊಡಿರೆಂದು ಅವರನ್ನು ಕರೆದೊಯ್ಯುತ್ತಿದ್ದರು. ಮನೆಯಲ್ಲಿ ಅವರ ಮಾತು ದಖನಿ ಉರ್ದು. ಬರೆಯುತ್ತಿದ್ದುದು ಕನ್ನಡ, ಅದೂ ಎಂಥ ಕನ್ನಡ. ಅವರ ನಾಟಕದಲ್ಲಿ ಒಕ್ಕಲಿಗನೂ ‘ಪ್ರಾಣಕಾಂತೆ’ ಎಂದೇ ಹೆಂಡತಿಯನ್ನು ಕರೆಯುತ್ತಿದ್ದ. ಮಂದಿಗೆ ಅದೇ ಬೇಕಿತ್ತು. ದಿನವೂ ‘ಏ, ಬಾ ಇಲ್ಲಿ’ ಅನ್ನಿಸಿಕೊಳ್ಳುವ ಹೆಂಗಸರು ಅದನ್ನು ಕೇಳಿ ಸೆರಗಿನ ಮರೆಯಲ್ಲಿ ನಗುತ್ತಿದ್ದರು.

ತಾಲೀಮಿನಲ್ಲಿ ಮಾಸ್ತರರದೊಂದು ಪದ್ಧತಿ ಇತ್ತು. ಯಾರಾದರೂ ಶ್ರುತಿ ಬಿಟ್ಟರೆ ಬೈಯುತ್ತಿರಲಿಲ್ಲ. ಪೇಟಿಯಿಂದ ಎರಡೂ ಕೈ ಎತ್ತಿ, ಬಾಯಿ ಮುಚ್ಚಿ ಕೂತುಬಿಡುತ್ತಿದ್ದರು. ತಬಲಾ ಕೂಡ ನಿಲ್ಲಬೇಕು. ಹಾಡುವವನು ಒಬ್ಬನೇ ಒಂದೆರಡು ಸಾಲು ಎಳೆದು, ಸುತ್ತಲೂ ನೋಡಿ, ತಾನೇ ನಾಚಿ ನಿಲ್ಲಿಸಬೇಕು. ಅದರಷ್ಟು ದೊಡ್ಡ ಬೈಗುಳ ಇನ್ನೊಂದಿರಲಿಲ್ಲ.

ಅವರಿಗೆ ಒಬ್ಬಳೇ ತಂಗಿ, ಮಾಲನಬಿ. ತಾಯಿ ಇಲ್ಲದ ಮನೆಯಲ್ಲಿ ಇವರೇ ಜಡೆ ಹೆಣೆದು ಬೆಳೆಸಿದವಳು. ಜೇವರ್ಗಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ರಾಜಾಸಾಬ ಒಳ್ಳೆಯ ಮನುಷ್ಯ, ಹಾಡುವ ಹುಚ್ಚಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿಯ ತವರಿಗೆ ಬಂದಾಗ ಅಫಜಲಪುರದ ನಾಟಕದಲ್ಲಿ ಅವನಿಗೂ ಒಂದು ಪಾತ್ರ ಸಿಕ್ಕಿತು. ರಂಗದ ಮೇಲೆ ಬಂದ, ಪೇಟಿ ಒಂದು ಸ್ವರ ಕೊಟ್ಟರೆ ಅವನು ಉತ್ಸಾಹದಲ್ಲಿ ಇನ್ನೊಂದರಿಂದಲೇ ಎತ್ತಿದ. ಮಾಸ್ತರರು ಎರಡೂ ಕೈ ಎತ್ತಿ ಕೂತರು. ಬೇಕೆಂದು ಮಾಡಿದ್ದಲ್ಲ, ನಾನು ಹತ್ತಿರವೇ ಇದ್ದೆ, ಆ ಕೈಗಳು ತಾವೇ ಎದ್ದವು. ತುಂಬಿದ ಊರಿನ ಮುಂದೆ ಹೊಸ ಅಳಿಯ ಒಂಟಿಯಾಗಿ ಒಂದು ಸಾಲು ಹಾಡಿದ. ಮಂದಿ ನಕ್ಕರು.

ಬೆಳಗಾಗುತ್ತಲೇ ರಾಜಾಸಾಬ ಹೊರಟು ನಿಂತ. ಗಂಡನ ಹಿಂದೆ ಮಾಲನಬಿಯೂ ಹೊರಟಳು. ಬಾಗಿಲಲ್ಲಿ ನಿಂತು ಅಣ್ಣನಿಗೆ ಒಂದೇ ಮಾತು ಹೇಳಿದಳು: “ನೀನ ನಮ್ಮ ಮನಿಗಿ ಬಂದು ಕರದ್ರ ಬರ್ತೇನಿ ಭಾಯಿ. ಇಲ್ಲಂದ್ರ ಇಲ್ಲ.”

ಇದರಲ್ಲಿ ಹೆಚ್ಚಿನದೇನೂ ಆಕೆ ಕೇಳಲಿಲ್ಲ. ಕೊಟ್ಟ ಹೆಣ್ಣು ತಾನಾಗಿ ತವರಿಗೆ ಬರುವುದಿಲ್ಲ, ಅಣ್ಣ ಹೋಗಿ ಕರೆಯಬೇಕು, ಅದು ನಮ್ಮಲ್ಲಿ ಎಲ್ಲ ಜಾತಿಯವರೂ ನಡೆಸುವ ರಿವಾಜು. ಮಾಸ್ತರರು ಹೋಗಬಹುದಿತ್ತು. ಬಳೆ ಹೊತ್ತು ಸುತ್ತಮುತ್ತಲಿನ ಹಳ್ಳಿಗಳನ್ನೆಲ್ಲ ತಿರುಗುವ ಮನುಷ್ಯ. ಹುಣ್ಣಿಮೆಗೆ ಗಾಣಗಾಪುರದಲ್ಲಿ ಅಂಗಡಿ ಹಾಕುತ್ತಿದ್ದರು, ಅಲ್ಲಿಂದ ಹೊಳೆ ದಾಟಿದರೆ ಜೇವರ್ಗಿಯ ದಾರಿ. ಹೋಗುವವರ ಕೈಯಲ್ಲಿ ತಂಗಿಗೆ ಹಸಿರು ಬಳೆ ಕಳಿಸುತ್ತಿದ್ದರು. ಆಕೆ ಬಳೆ ಇಟ್ಟುಕೊಳ್ಳುತ್ತಿದ್ದಳು, ಬರುತ್ತಿರಲಿಲ್ಲ.

ಸುಮ್ಮನೆ ಹೋಗುವ ಬದಲು ಮಾಸ್ತರರು ನಾಟಕ ಬರೆಯತೊಡಗಿದರು. ಅದೇ ‘ಹೊಸ್ತಿಲ ಹೊರಗಿನ ಅಣ್ಣ’. ನಮ್ಮ ನಾಟಕಗಳಿಗೆ ಹೆಸರಾದ ಮೇಲೆ ‘ಅರ್ಥಾತ್’ ಎಂದು ಇನ್ನೊಂದು ಹೆಸರಿರಲೇಬೇಕು. ಅವರು ಮೊದಲ ಹಾಳೆಯ ಮೇಲೆ ‘ಅರ್ಥಾತ್’ ಎಂದು ಬರೆದು ಮುಂದೆ ಖಾಲಿ ಬಿಟ್ಟರು. ಕಥೆ ಗೊತ್ತಿರುವುದೇ. ಅಣ್ಣ ತಂಗಿಯ ಗಂಡನನ್ನು ಅವಮಾನಿಸುತ್ತಾನೆ, ತಂಗಿ ಹೋಗುತ್ತಾಳೆ, ಅಣ್ಣ ಪಶ್ಚಾತ್ತಾಪದಿಂದ ಬೇಯುತ್ತಾನೆ, ಕೊನೆಗೆ ತಂಗಿಯ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಬಾಗಿಲು ತೆರೆಯುತ್ತದೆ. ಅಲ್ಲಿಗೆ ಬರಹ ನಿಂತಿತು. ಅಣ್ಣ ಏನನ್ನಬೇಕು? ಮಾಸ್ತರರಿಗೆ ಆ ಮಾತು ಸಿಗಲಿಲ್ಲ.

ನಾನು ಕಾರಣ ಕೇಳಿದ್ದೆ. ಪೇಟಿಯ ಮೇಲಿನ ಧೂಳು ಒರೆಸುತ್ತ ಅವರು ಹೇಳಿದರು: “ಮೊದಲ ಆ ಮಾತ ಬರೀತೇನಿ. ಆಮ್ಯಾಲ ಹೋಗಿ ಮಾಲನಬಿ ಮುಂದ ನಿಂತು ಅದನ್ನ ಅಂತೇನಿ. ಮಾತು ಇಲ್ದ ಹೆಂಗ ಹೋಗ್ಲಿ?”

ಆಗ ನನಗೆ ಇದು ಬಹಳ ಸರಿಯಾದ ಮಾತು ಅನ್ನಿಸಿತ್ತು. ತಾಲೀಮು ಇಲ್ಲದೆ ರಂಗಕ್ಕೆ ಹೋಗದವರು, ತಂಗಿಯ ಮನೆಗೆ ಹೇಗೆ ಹೋದಾರು? ಈಗ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ನಾಟಕ ಬರೆಯುವವನಲ್ಲದೆ ಬೇರೆ ಯಾವ ಅಣ್ಣನೂ ಇಂಥ ಹುಚ್ಚು ತಪ್ಪು ಮಾಡುತ್ತಿರಲಿಲ್ಲ.

ಮುಗಿಯದ ಕೆಲಸಗಳು ನಮ್ಮ ಸುತ್ತ ಬೇಕಾದಷ್ಟಿದ್ದವು ಬಿಡಿ. ಅಫಜಲಪುರದ ತಂಡದ ಅರಮನೆ ಪರದೆಯನ್ನು ಒಬ್ಬ ಪೇಂಟರು ಎಡಗಡೆ ಕಂಬ, ಕಮಾನು, ನವಿಲು ಎಲ್ಲ ಬಿಡಿಸಿ, ಬಣ್ಣ ತರುತ್ತೇನೆಂದು ಸೊಲ್ಲಾಪುರಕ್ಕೆ ಹೋದವನು ತಿರುಗಿ ಬರಲಿಲ್ಲ. ಹೀಗಾಗಿ ನಮ್ಮ ರಾಜರೆಲ್ಲ ಎಡಗಡೆಯೇ ಆಳಿದರು. ನಾನೂ ಆ ಕಾಲದಲ್ಲಿ ಒಂದು ಕಾವ್ಯ ಶುರುಮಾಡಿದ್ದೆ. ಗಣಪತಿಯ ಸ್ತುತಿ ಮುಗಿಯಿತು, ಶಾರದೆಯ ಅರ್ಧ ಸ್ತುತಿಗೆ ಮದುವೆ ನಿಶ್ಚಯವಾಯಿತು, ಮಾವನ ಅಂಗಡಿಯೆಂದು ಆಳಂದಕ್ಕೆ ಬಂದೆ. ಶಾರದೆ ಇನ್ನೂ ಅರ್ಧದಲ್ಲೇ ಇದ್ದಾಳೆ. ಅದಕ್ಕಾಗಿ ಕನ್ನಡ ನಾಡಿನಲ್ಲಿ ಯಾರೂ ಕಣ್ಣೀರು ಹಾಕಿದ ಸುದ್ದಿಯಿಲ್ಲ. ಎಲ್ಲ ಅರೆಬರೆ ಕೆಲಸವೂ ನಷ್ಟವೇ ಎಂದು ನಾನು ಹೇಳಲಾರೆ.

ಮಾಸ್ತರರ ನಾಟಕದ ಗತಿ ಬೇರೆಯಾಯಿತು. ಕೊನೆಯ ಸೀನಿಲ್ಲದೆಯೇ ಹಳ್ಳಿಯವರು ಅದನ್ನು ಕೇಳಿ ಒಯ್ದರು, ಅಷ್ಟು ಚೆಂದ ಹಾಡುಗಳಿದ್ದವು. ಕೊನೆಗೆ ಬಂದಾಗ ಆಯಾ ಊರಿನವರು ತಮಗೆ ತಿಳಿದಂತೆ ಮುಗಿಸುತ್ತಿದ್ದರು. ಜಿಡಗಾ ಕಡೆಯ ಒಂದು ಊರಲ್ಲಿ ಸ್ವಾಮಿಗಳ ಪಾತ್ರವೊಂದು ಧುತ್ತೆಂದು ಬಂದು ಇಬ್ಬರಿಗೂ ಬುದ್ಧಿ ಹೇಳಿತು. ಇನ್ನೊಂದು ಊರಲ್ಲಿ ತಂಗಿ ಅಣ್ಣನ ತೊಡೆಯ ಮೇಲೆ ಸತ್ತಳು. ಮತ್ತೊಂದು ಕಡೆ ಅಣ್ಣ, ತಂಗಿ, ಗಂಡ, ಪೊಲೀಸು ಎಲ್ಲರೂ ಸಾಲಾಗಿ ನಿಂತು ಕುಣಿದರು. ಪ್ರಾಂಪ್ಟ್ ಮಾಡಲು ಏನೂ ಇರದ ಆ ಹೊತ್ತಿನಲ್ಲಿ ನಾನು ಮಾಸ್ತರರ ಮುಖವನ್ನೇ ನೋಡುತ್ತಿದ್ದೆ. ತಂಗಿ ಸತ್ತರೂ ಕುಣಿದರೂ ಅದಕ್ಕೆ ತಕ್ಕ ರಾಗ ನುಡಿಸುತ್ತಿದ್ದರು. ಆಮೇಲೆ ದಾರಿಯುದ್ದಕ್ಕೂ, ಇದಲ್ಲ, ಇದಲ್ಲ ಎಂದು ತಲೆಯಾಡಿಸುತ್ತಿದ್ದರು.

ಕೊನೆಗೊಮ್ಮೆ ಮಾಲನಬಿಯ ಊರಿನವರೇ ಆ ನಾಟಕ ಕೇಳಿಕೊಂಡು ಬಂದರು. ಮಾಸ್ತರರು ಒಪ್ಪಿದರು. ತಾಲೀಮೆಲ್ಲ ನಡೆದದ್ದು ಅವರ ಮನೆಯಲ್ಲೇ, ನಟರೇ ಅಫಜಲಪುರಕ್ಕೆ ಬಂದು ಹೋಗುತ್ತಿದ್ದರು. ಮಾಸ್ತರರು ಹೊಸ ಅಂಗಿ ಹೊಲಿಸಿದರು. ಹೊರಡುವ ದಿನ ಜೀಪು ಬಂದು ನಿಂತಾಗ ಚಾದರ ಹೊದ್ದು ಮಲಗಿದ್ದರು, ಜ್ವರ ಎಂದರು. ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಬೇರೆ ಪೇಟಿಯವನನ್ನು ಹುಡುಕಿಕೊಂಡು ನಾವು ಹೋದೆವು.

ನಾಟಕ ಮುಗಿದ ಬೆಳಗ್ಗೆ ರಾಜಾಸಾಬನೇ ಬಂದು ನನ್ನನ್ನು ಮನೆಗೆ ಚಹಾಕ್ಕೆ ಕರೆದ. ಅವನಿಗೆ ಸಿಟ್ಟೇನೂ ಉಳಿದಿರಲಿಲ್ಲ. ತಾನು ಅಂದು ಹಾಡಿದ್ದು ಕೆಟ್ಟದಾಗಿಯೇ ಇತ್ತೆಂದು ತಾನೇ ಹೇಳಿ ನಕ್ಕ. ಮಾಲನಬಿ ಬಾಗಿಲಿಗೆ ಒರಗಿ ನಿಂತಿದ್ದಳು. ನಾಟಕ ಪೂರ್ತಿ ನೋಡಿದ್ದಳು. ಕೊನೆಯ ಸೀನು ಅಣ್ಣ ಬರೆದದ್ದೇ ಎಂದು ಕೇಳಿದಳು. ಅಲ್ಲ, ಬಾಗಿಲಲ್ಲಿ ಏನನ್ನಬೇಕೋ ಅವರಿಗಿನ್ನೂ ಮಾತು ಸಿಕ್ಕಿಲ್ಲ, ಸಿಕ್ಕ ಮೇಲೆ ಇಲ್ಲಿಗೆ ಬರಬೇಕೆಂದಿದ್ದಾರೆ ಎಂದೆ.

“ಮಾತ ಯಾಕ್ ಬೇಕ್ರಿ?” ಎಂದಳು. “ಬಂದು ಕಟ್ಟಿಮ್ಯಾಲ ಕುಂತು, ನೀರ ಕೊಡು ಅಂದ್ರ ಸಾಕಿತ್ತು. ಹೇಳ್ರಿ ಅವಗ.”

ಹೋದವನೇ ಹೇಳಿದೆ. ನನ್ನ ಪ್ರಾಂಪ್ಟರ್ ಜೀವನದಲ್ಲಿ ಅಷ್ಟು ತಿದ್ದಿ ತೀಡಿ ಯಾರ ಮಾತನ್ನೂ ಮುಟ್ಟಿಸಿರಲಿಲ್ಲ. ಮಾಸ್ತರರ ಕಣ್ಣು ತುಂಬಿತು. ನೀರ ಕೊಡು, ನೀರ ಕೊಡು ಎಂದು ತಮಗೆ ತಾವೇ ಎರಡು ಸಲ ಅಂದು ನೋಡಿದರು. ಪೇಟಿಯ ಮೇಲೆ ಬೆರಳಿಟ್ಟರು. ನಾನು ಬಸ್ಸಿನ ಹೊತ್ತು ನೆನಪು ಮಾಡಿಕೊಳ್ಳುತ್ತಿದ್ದೆ, ಇವತ್ತೇ ಹೊರಡುತ್ತಾರೆ ಎಂದುಕೊಂಡಿದ್ದೆ.

“ಛೊಲೊ ಅದ,” ಎಂದರು ಮಾಸ್ತರರು. “ಆದ್ರ ಬರೇ ನೀರ ಕೇಳಿದ್ರ ಪರದಿ ಹೆಂಗ ಬೀಳ್ತದಲೇ? ಮಂದಿ ಚಪ್ಪಾಳಿ ಎಲ್ಲಿ ಹೊಡೀತಾರ?”

ಮತ್ತೆ ಬರೆಯಲು ಕೂತರು. ನಾನು ಆಳಂದಕ್ಕೆ ಬಂದ ಮೇಲೆ ಸುದ್ದಿಗಳಷ್ಟೇ ಕೇಳುತ್ತಿದ್ದೆ. ಊರೂರಲ್ಲಿ ನಾಟಕ ಕಡಿಮೆಯಾದವು. ರಾಜಾಸಾಬ ತೀರಿಕೊಂಡ, ಆಗ ಮಾಸ್ತರರು ಮಗನನ್ನು ಕಳಿಸಿದರು. ಬೆರಳು ಸೆಟೆದು ಪೇಟಿ ನಿಂತಿತು. ಆಮೇಲೆ ಅವರೂ ಹೋದರು. ಆ ವಾರ ನಾನು ಆಸ್ಪತ್ರೆಯಲ್ಲಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ.

ಸಿದ್ದು ಬಂದುಹೋದ ಮೇಲೆ ನಾನು ಆ ಸೀನು ಬರೆದೆ. ಸುಳ್ಳೇಕೆ, ಚೆನ್ನಾಗಿಯೇ ಬರೆದೆ. ಅಣ್ಣ ಕಟ್ಟೆಯ ಮೇಲೆ ಕೂಡುತ್ತಾನೆ, ನೀರು ಕೇಳುತ್ತಾನೆ, ತಂಗಿ ಚೊಂಬು ತರುತ್ತಾಳೆ, ಒಳಗೆ ಕರೆಯುತ್ತಾಳೆ. ಆದರೆ ಮಾತು ಮಾಲನಬಿಯದು, ಕೇಳದೆ ಅಚ್ಚು ಹಾಕಿಸುವುದು ಸರಿಯಲ್ಲವೆಂದು ಹಾಳೆಗಳನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಜೇವರ್ಗಿಯ ಬಸ್ಸು ಹತ್ತಿದೆ.

ಆಕೆ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ, ನನ್ನ ದನಿಯಿಂದಲೇ ಗುರುತು ಹಿಡಿದಳು. ಅಣ್ಣ ಹೋದ ಸುದ್ದಿ ಮುಟ್ಟಿತ್ತೇ ಎಂದು ಕೇಳಿದೆ.

“ಹೋಗಿದ್ನಿರಿ,” ಎಂದಳು. “ಸತ್ತಾಗ ಯಾರೂ ಕರೀಬೇಕಂತಿಲ್ಲ. ಹೋಗೂದ.”

ಹಾಗೆ ಆಕೆ ತವರಿನ ಹೊಸ್ತಿಲು ದಾಟಿದ್ದಳು. ನಾನು ಬಂದ ಕೆಲಸ ಹೇಳಿದೆ. ಹುಡುಗರ ಆಸೆ, ಪುಸ್ತಕ, ನಾನು ಬರೆದ ಸೀನು, ಅದರಲ್ಲಿ ಆಕೆಯ ಮಾತನ್ನೇ ಇಟ್ಟಿರುವುದು, ಎಲ್ಲ. ಓದಿ ತೋರಿಸಲೇ ಎಂದು ಕಿಸೆಗೆ ಕೈ ಹಾಕಿದೆ. ಆಕೆ ಮೊರವನ್ನು ಪಕ್ಕಕ್ಕಿಟ್ಟಳು.

“ಬ್ಯಾಡ್ರಿ. ನಾಟಕದಾಗ ಅವ ಒಳಗ ಬಂದ್ರ, ನೋಡಿದ ಮಂದಿ ಅವ ಬಂದಿದ್ದ ಅಂತ ತಿಳೀತಾರ,” ಎಂದಳು. “ಅವ ಬರಲಿಲ್ರಿ.”

ಅಳಲಿಲ್ಲ, ಬೈಯಲೂ ಇಲ್ಲ. ನನಗೇ ಅಳು ಬಂತು. ಆ ಸೀನು ಬರೆದು ನಾನೇನೋ ಅವರಿಬ್ಬರ ನಡುವಿನದನ್ನು ಸರಿಪಡಿಸಿದೆ ಎಂದುಕೊಂಡಿದ್ದೆ. ಸರಿಪಡಿಸಲು ಅಲ್ಲಿ ಕಾಗದದ ಕೆಲಸ ಎಂದೂ ಇರಲಿಲ್ಲ. ಹಾಳೆಗಳನ್ನು ಹೊರತೆಗೆಯದೆ ಹಿಂದಿರುಗಿದೆ, ಮನೆಗೆ ಬಂದು ಒಲೆಗೆ ಹಾಕಿದೆ.

ಮೊನ್ನೆ ಸಿದ್ದು ಮತ್ತೆ ಬಂದ. ಪುಸ್ತಕವನ್ನು ಇದ್ದಷ್ಟೇ ಅಚ್ಚು ಹಾಕಿಸಿ ಎಂದೆ. ಅವನ ಮುಖ ಸಣ್ಣದಾಯಿತು. ರಂಗದ ಮೇಲೆ ಏನು ಮಾಡುವುದು ಎಂದು ಕೇಳಿದ. ಬಾಗಿಲು ತೆರೆಯಲಿ, ಅಣ್ಣ ಹೊರಗೇ ನಿಂತಿರಲಿ, ಪೇಟಿ ನಿಲ್ಲಿಸಿ ಪರದೆ ಎಳೆಯಿರಿ ಎಂದೆ.

“ಹಂಗ ಮಾಡಿದ್ರ ಮಂದಿ ಏಳೂದಿಲ್ರಿ,” ಎಂದ ಹುಡುಗ. “ಇನ್ನೂ ಅದ ಅಂತ ಕುಂತೇ ಇರ್ತಾರ.”

ಕೂಡಲಿ ಎಂದೆ. ಮಾಲನಬಿ ಅಣ್ಣ ಸಾಯುವ ತನಕ ಕೂತಿದ್ದಳು.